ಪರದೇಶದಲ್ಲೊಂದು ರಜಾ ಮನೆ: ದುಬೈ, ಥಾಯ್ಲೆಂಡ್, ಬಾಲಿ, ಶ್ರೀಲಂಕಾ, ಯುರೋಪ್ – ಕಾಗದ ನೋಡಿದರೆ ಯಾವುದು ವಾಸಿ?

ಹುಬ್ಬಳ್ಳಿಯ ನವನಗರದಲ್ಲಿ ಒಂದು ಪ್ಲಾಟ್ ಕೊಳ್ಳಬೇಕಾದರೆ ನಮ್ಮ ಜನ ಎಷ್ಟು ಹುಷಾರು! ಸಿಟಿ ಸರ್ವೇ ಉತಾರ ತೆಗೆಸುತ್ತಾರೆ. ಸಾಲದ ಬೋಜಾ ಇದೆಯಾ ನೋಡುತ್ತಾರೆ. ಎನ್‌ಎ (ಕೃಷಿಯೇತರ) ಆಗಿದೆಯಾ, ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ (ಹುಡಾ) ಮಂಜೂರಾತಿ ಇದೆಯಾ, ಮಾರುವವನ ಅಕ್ಕ-ತಂಗಿಯರು ಸಹಿ ಹಾಕುತ್ತಾರಾ ಅಂತ ವಿಚಾರಿಸುತ್ತಾರೆ. ಕೊನೆಗೆ ಪರಿಚಯದ ವಕೀಲರಿಗೆ ತೋರಿಸಿಯೇ ಸಂಚಕಾರ ಕೊಡುತ್ತಾರೆ. ಅದೇ ಮನುಷ್ಯ ಯಾವುದೋ ಹೋಟೆಲಿನ ಹಾಲ್‌ನಲ್ಲಿ ನಡೆಯುವ ದುಬೈ ಪ್ರಾಪರ್ಟಿ ಪ್ರದರ್ಶನಕ್ಕೆ ಹೋಗಿ, ಚಹಾ ಮುಗಿಯುವಷ್ಟರಲ್ಲಿ ಟೋಕನ್ ಕೊಟ್ಟು ಬರುತ್ತಾನೆ. ಇಲ್ಲಿ ಇಪ್ಪತ್ತು ಪ್ರಶ್ನೆ ಕೇಳುವವರು ಅಲ್ಲಿ ಎರಡೇ ಕೇಳುತ್ತಾರೆ: ರೇಟ್ ಎಷ್ಟು, ಬಾಡಿಗೆ ಎಷ್ಟು ಬರುತ್ತದೆ?

ರೇಟು, ಬಾಡಿಗೆ, ಕಿಟಕಿಯಿಂದ ಕಾಣುವ ಸಮುದ್ರ – ಇವೆಲ್ಲ ಆಮೇಲೆ. ನಾನು ಹೋಲಿಸಲು ಹೇಳುವುದು ಬೇರೆ ನಾಲ್ಕು ವಿಷಯಗಳನ್ನು. ಖರೀದಿ ಪತ್ರದಲ್ಲಿ ನಿಜವಾಗಿ ಯಾರ ಹೆಸರು ಕೂರುತ್ತದೆ? ಅದು ಎಷ್ಟು ವರ್ಷಕ್ಕೆ? ಇಲ್ಲಿಂದ ಹಣ ಕಾನೂನು ಪ್ರಕಾರ ಹೋಗುತ್ತದಾ? ನಾಳೆ ಮಾರಿದರೆ ಅಥವಾ ನಾವೇ ಇಲ್ಲವಾದರೆ ಮನೆಯವರ ಕೈಗೆ ಬರುತ್ತದಾ? ಈ ನಾಲ್ಕಕ್ಕೆ ಒಂದೊಂದು ದೇಶದ ಉತ್ತರ ಒಂದೊಂದು ಥರ. ಎಷ್ಟೋ ಕಡೆ "ಕೊಂಡೆ" ಅಂದುಕೊಂಡವರು ಕೊಂಡೇ ಇರುವುದಿಲ್ಲ.

ಹೊರಗಿನವರಿಗೆ ಜಾಗ ಕೊಡಲು ಎಷ್ಟೋ ದೇಶಗಳಿಗೆ ಮನಸ್ಸಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ, ನಾವೂ ಹಾಗೇ. ಅಮೆರಿಕದ ಪಾಸ್‌ಪೋರ್ಟ್ ಪಡೆದು, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇಟ್ಟುಕೊಂಡ ನಮ್ಮದೇ ಹುಡುಗ ಬಂದು ಕಲಘಟಗಿ ಕಡೆ ನಾಲ್ಕು ಎಕರೆ ಹೊಲ, ಒಂದು ತೋಟದ ಮನೆ ಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಫ್ಲ್ಯಾಟ್, ಮನೆ, ಅಂಗಡಿ ಕೊಳ್ಳಬಹುದು. ಹೊಲ, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಪಕ್ಕದ ನೇಪಾಳದಲ್ಲಿ ನಮ್ಮ ಹೆಸರಿಗೆ ಒಂದು ಚೂರು ನೆಲವೂ ಆಗುವುದಿಲ್ಲ.

ಮೊದಲು ಇಲ್ಲಿಯ ಕಾನೂನು, ಆಮೇಲೆ ಅಲ್ಲಿಯದು

ಏಜೆಂಟ್ ಅಲ್ಲಿಯ ಕಾನೂನನ್ನು ಅರ್ಧವಾದರೂ ಹೇಳುತ್ತಾನೆ. ಇಲ್ಲಿಯದನ್ನು ಹೇಳುವುದೇ ಇಲ್ಲ. ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ ಇಲ್ಲೇ.

ಭಾರತದಲ್ಲಿ ವಾಸವಿರುವ ವ್ಯಕ್ತಿ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ (ಹೊರದೇಶಕ್ಕೆ ಹಣ ಕಳಿಸುವ) ಯೋಜನೆಯಡಿ ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕ. ಮಗನ ಫೀಸು, ಯುರೋಪ್ ಟೂರಿನ ಖರ್ಚು, ಅಮೆರಿಕದ ಷೇರು ಎಲ್ಲವೂ ಇದರೊಳಗೇ ಬರುತ್ತವೆ. ಆಸ್ತಿ ಕೊಳ್ಳಲು ಈ ಹಣ ಬಳಸಬಹುದು ಅಂತ 2022ರ ವಿದೇಶಿ ಹೂಡಿಕೆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ.

ಈ ಮಿತಿ ವ್ಯಕ್ತಿಗೆ ಮಾತ್ರ. ಪಾರ್ಟ್‌ನರ್‌ಶಿಪ್ ಫರ್ಮ್, ಕಂಪನಿ, ಟ್ರಸ್ಟ್, ಎಚ್‌ಯುಎಫ್ (ಹಿಂದೂ ಅವಿಭಕ್ತ ಕುಟುಂಬ) ಯಾವುದಕ್ಕೂ ಇಲ್ಲ. ನಮ್ಮ ಭಾಗದಲ್ಲಿ ಇದು ದೊಡ್ಡ ತೊಡಕು. ಅಮರಗೋಳ ಎಪಿಎಂಸಿಯ ಅಡತ್ ಅಂಗಡಿ ಇರಲಿ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರ ಇರಲಿ, ದುಡ್ಡು ಇರುವುದು ಫರ್ಮಿನ ಖಾತೆಯಲ್ಲಿ ಅಥವಾ ಎಚ್‌ಯುಎಫ್ ಹೆಸರಿನಲ್ಲಿ. ಆ ಖಾತೆಯಿಂದ ನೇರವಾಗಿ ಕಳಿಸುವ ಹಾಗಿಲ್ಲ. ಮೊದಲು ಅದು ಲೆಕ್ಕ ಪತ್ರದ ಪ್ರಕಾರ ನಿಮ್ಮ ಸ್ವಂತ ಖಾತೆಗೆ ಬರಬೇಕು. ಬೇಸಾಯದ ಆದಾಯಕ್ಕೆ ಟ್ಯಾಕ್ಸ್ ಇಲ್ಲ ನಿಜ. ಆದರೆ ಪ್ಯಾನ್ ಬೇಕೇ ಬೇಕು, ಹಣ ಎಲ್ಲಿಂದ ಬಂತು ಅಂತ ಬ್ಯಾಂಕ್ ಕೇಳಿದರೆ ತೋರಿಸಲು ಕಾಗದವೂ ಬೇಕು.

ಗಂಡ-ಹೆಂಡತಿ ಸೇರಿ 5 ಲಕ್ಷ ಡಾಲರ್ ಕಳಿಸಬಹುದಲ್ವಾ? ಕಳಿಸಬಹುದು. ಆದರೆ ಹಣ ಹಾಕಿದವರ ಹೆಸರು ಆಸ್ತಿಯಲ್ಲೂ ಇರಬೇಕು. ಅಮ್ಮ, ತಮ್ಮ, ಸೊಸೆಯ ಮಿತಿಗಳನ್ನೆಲ್ಲ ಬಳಸಿ ಖರೀದಿಯನ್ನು ಒಬ್ಬರದೇ ಹೆಸರಿಗೆ ಮಾಡಿಸಿದರೆ ಅದು ನಿಯಮ ಮೀರಿದಂತೆ.

ಸಾಲ ತೆಗೆದು ಕಳಿಸುವುದೂ ನಡೆಯುವುದಿಲ್ಲ. ಇಂಥ ಖರೀದಿಗೆ ಇಲ್ಲಿಯ ಬ್ಯಾಂಕ್ ಸಾಲ ಕೊಡಬಾರದು. ಕ್ರೆಡಿಟ್ ಕಾರ್ಡ್ ಇರುವುದು ಹೋಟೆಲ್ ಬಿಲ್, ಟಿಕೆಟ್, ಶಾಪಿಂಗ್‌ನಂಥ ಖರ್ಚಿಗೆ. ಪ್ರದರ್ಶನದಲ್ಲಿ "ಕಾರ್ಡ್ ಸ್ವೈಪ್ ಮಾಡ್ರಿ ಸರ್, ಬುಕಿಂಗ್ ಅಷ್ಟ, ಉಳಿದದ್ದು ಆಮ್ಯಾಲೆ" ಅಂದರೆ ಕಾರ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ.

ಇನ್ನು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ಮುಂಗಡವಾಗಿ ಹಿಡಿಯುವ ತೆರಿಗೆ. ವರ್ಷಕ್ಕೆ 10 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ ಬ್ಯಾಂಕ್ ಶೇ 20 ಹಿಡಿಯುತ್ತದೆ. ಒಂದು ಕೋಟಿ ಕಳಿಸಿದರೆ 18 ಲಕ್ಷ ಹೆಚ್ಚುವರಿ ಇಟ್ಟುಕೊಂಡಿರಬೇಕು. ಇದು ಕಳೆದುಹೋಗುವ ದುಡ್ಡಲ್ಲ. ರಿಟರ್ನ್ ಹಾಕುವಾಗ ನಿಮ್ಮ ಟ್ಯಾಕ್ಸಿಗೆ ಹೊಂದಿಸಬಹುದು, ಉಳಿದರೆ ವಾಪಸ್ ಬರುತ್ತದೆ. ಆದರೆ ಅಲ್ಲಿಯವರೆಗೆ ಅಷ್ಟು ಹಣ ಕೈಯಲ್ಲಿರುವುದಿಲ್ಲ. ಕಂತು ಕಟ್ಟುವವರು ಈ ಲೆಕ್ಕ ಮರೆತು ಎರಡನೇ ಕಂತಿಗೆ ಒದ್ದಾಡುತ್ತಾರೆ.

ಈ ಟಿಸಿಎಸ್ ತಪ್ಪಿಸಿಕೊಳ್ಳಲು ಅಂತಲೇ ಹವಾಲಾ ದಾರಿ ತೋರಿಸುವವರಿದ್ದಾರೆ. ಇಲ್ಲಿ ನಗದು ಕೊಡಿ, ಅಲ್ಲಿ ದಿರ್ಹಮ್ ಜಮೆ ಆಗುತ್ತದೆ ಅನ್ನುತ್ತಾರೆ. ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ ಪ್ರಕಾರ ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಅದಕ್ಕಿಂತ ಭಯ ಹುಟ್ಟಿಸಬೇಕಾದದ್ದು ಅದೇ ಕಾಯ್ದೆಯ 37ಎ ಕಲಂ. ಕಾನೂನು ಮೀರಿ ಹೊರದೇಶದಲ್ಲಿ ಆಸ್ತಿ ಮಾಡಿದ್ದೀರಿ ಅನಿಸಿದರೆ, ಅಷ್ಟೇ ಬೆಲೆಯ ನಿಮ್ಮ ಇಲ್ಲಿಯ ಆಸ್ತಿಯನ್ನು ಜಪ್ತಿ ಮಾಡಬಹುದು. ದುಬೈ ಫ್ಲ್ಯಾಟಿನ ಸಲುವಾಗಿ ವಿದ್ಯಾನಗರದ ಮನೆಗೆ ನೋಟಿಸ್ ಬರುತ್ತದೆ ಅಂತ ಅರ್ಥ.

ದುಬೈ: ಹೆಸರು ಸಿಗುತ್ತದೆ, ತೊಂದರೆ ಇರುವುದು ಕಟ್ಟುತ್ತಿರುವ ಕಟ್ಟಡದಲ್ಲಿ

ನಮ್ಮವರು ಮೊದಲು ನೋಡುವುದು ದುಬೈಯನ್ನೇ. ಕಾರಣವೂ ಇದೆ. 2006ರ 7ನೇ ಕಾನೂನಿನ ನಂತರ, ಗುರುತಿಸಿದ ಪ್ರದೇಶಗಳಲ್ಲಿ ವಿದೇಶಿಯರಿಗೆ ಪೂರ್ತಿ ಮಾಲೀಕತ್ವ ಸಿಗುತ್ತದೆ. ಲೀಸ್ ಅಲ್ಲ, ಯಾರದೋ ಹೆಸರಿನ ಹಿಂದೆ ನಿಲ್ಲುವುದೂ ಅಲ್ಲ. ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನಲ್ಲಿ ನಿಮ್ಮ ಹೆಸರಿಗೇ ನೋಂದಣಿ ಆಗುತ್ತದೆ. ನೋಂದಣಿ ಶುಲ್ಕ ಬೆಲೆಯ ಶೇ 4. ದಿರ್ಹಮ್‌ಗೆ ಡಾಲರ್ ಜೊತೆ 3.6725ರ ಗಟ್ಟಿ ಗಂಟು ಹಾಕಿದ್ದಾರೆ, ಹಾಗಾಗಿ ಅಲ್ಲಿಯ ಕರೆನ್ಸಿ ದಿಢೀರ್ ಕುಸಿಯುವ ಭಯ ಕಡಿಮೆ. ಈ ಬರಹದ ಎಲ್ಲ ದೇಶಗಳಲ್ಲಿ "ಯಾರ ಹೆಸರು" ಅನ್ನುವ ಪ್ರಶ್ನೆಗೆ ಅತ್ಯಂತ ನೇರ ಉತ್ತರ ಇಲ್ಲಿಯದು. ಗುರುತಿಸಿದ ಪ್ರದೇಶದ ಹೊರಗೆ ಮಾತ್ರ ಈ ಮಾತು ನಡೆಯುವುದಿಲ್ಲ. ಕಟ್ಟಡ ಯಾವ ಏರಿಯಾದಲ್ಲಿದೆ ಅಂತ ಮೊದಲು ನೋಡಿ.

ಮುಗಿದ ಫ್ಲ್ಯಾಟ್, ಕಟ್ಟುತ್ತಿರುವ ಫ್ಲ್ಯಾಟ್ – ಇವೆರಡನ್ನು ಒಂದೇ ತಕ್ಕಡಿಯಲ್ಲಿ ಇಡಬೇಡಿ. ಪ್ರದರ್ಶನಗಳಲ್ಲಿ ಮಾರುವುದು ಹೆಚ್ಚಾಗಿ ಎರಡನೆಯದನ್ನು. 2008-09ರ ಕುಸಿತದಲ್ಲಿ ಅಲ್ಲಿ ಎಷ್ಟೋ ಯೋಜನೆಗಳು ನಿಂತುಹೋದವು, ರದ್ದಾದವು, ಕಟ್ಟಿದ ಹಣಕ್ಕೆ ಜನ ವರ್ಷಗಟ್ಟಲೆ ಅಲೆದರು. ಈಗ ರಕ್ಷಣೆ ಇದೆ. 2007ರ ಎಸ್ಕ್ರೋ ಕಾನೂನಿನ ಪ್ರಕಾರ ಕೊಳ್ಳುವವರ ಹಣ ಎಸ್ಕ್ರೋ ಖಾತೆಗೇ, ಅಂದರೆ ಆ ಯೋಜನೆಗೆಂದೇ ಮೀಸಲಿಟ್ಟ ಖಾತೆಗೇ ಹೋಗಬೇಕು. ಖರೀದಿಯನ್ನು ಊಕೂದ್ ಅನ್ನುವ ತಾತ್ಕಾಲಿಕ ನೋಂದಣಿಯಲ್ಲಿ ದಾಖಲಿಸಬೇಕು. ಆದ್ದರಿಂದ ಏಜೆಂಟನ ಖಾತೆಗೆ, ಅವನ ಕಂಪನಿಯ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಎಸ್ಕ್ರೋ ಖಾತೆಯ ನಂಬರು ಲ್ಯಾಂಡ್ ಡಿಪಾರ್ಟ್‌ಮೆಂಟಿನ ದಾಖಲೆಗೆ ಹೊಂದುತ್ತದಾ ಅಂತ ನೋಡಿಯೇ ಬ್ಯಾಂಕಿಗೆ ಹೋಗಿ.

ಕಂತು ತಪ್ಪಿದರೆ ಏನಾಗುತ್ತದೆ? ಇದನ್ನು ಯಾರೂ ಕೇಳುವುದಿಲ್ಲ. ಕಟ್ಟಡ ಶೇ 80ಕ್ಕಿಂತ ಜಾಸ್ತಿ ಆಗಿದ್ದರೆ ಒಪ್ಪಂದದ ಬೆಲೆಯ ಶೇ 40ರವರೆಗೆ ಬಿಲ್ಡರ್ ಇಟ್ಟುಕೊಳ್ಳಬಹುದು. ಕೆಲಸ ಶುರುವಾಗಿ ಶೇ 60 ದಾಟದಿದ್ದರೆ ಶೇ 25ರವರೆಗೆ. ನೀವು ಕಟ್ಟಿದ್ದರಲ್ಲಿ ಅಲ್ಲ, ಪೂರ್ತಿ ಬೆಲೆಯಲ್ಲಿ. ಮೊದಲ ಕೆಲವು ಕಂತು ಕಟ್ಟಿ ಕೈಬಿಟ್ಟವರಿಗೆ ವಾಪಸ್ ಬರುವುದು ಏನೂ ಉಳಿಯದೇ ಇರಬಹುದು.

ಕಂತು ತಪ್ಪುವುದು ನಿಮ್ಮ ತಪ್ಪಿನಿಂದಲೇ ಆಗಬೇಕಿಲ್ಲ. 2013ರ ಆಗಸ್ಟ್‌ನಲ್ಲಿ ರೂಪಾಯಿ ಕುಸಿದಾಗ ರಿಸರ್ವ್ ಬ್ಯಾಂಕ್ ಎಲ್‌ಆರ್‌ಎಸ್ ಮಿತಿಯನ್ನು 2 ಲಕ್ಷ ಡಾಲರ್‌ನಿಂದ 75,000ಕ್ಕೆ ಇಳಿಸಿತು. ಜೊತೆಗೆ ಆಸ್ತಿ ಕೊಳ್ಳಲು ಬಳಸಲೇಬಾರದು ಅಂದಿತು. ಮರುವರ್ಷ ಸಡಿಲಿಸಿತು. ನಡುವೆ ಕಂತು ಕಟ್ಟಬೇಕಾಗಿದ್ದವರ ಪಾಡು ಯೋಚಿಸಿ. ನಾಲ್ಕೈದು ವರ್ಷದ ಕಂತಿಗೆ ಸಹಿ ಹಾಕುವಾಗ ಇದು ನೆನಪಿರಲಿ. ಕೀಲಿ ಕೈಗೆ ಬಂದ ಮೇಲೂ ತಿಂಗಳಿಗೆ ಶೇ 1 ಕಟ್ಟುವ ಪ್ಲ್ಯಾನ್‌ಗಳಂತೂ ಇನ್ನೂ ಸಂಶಯದವು. ಅದು ವಿದೇಶಿ ಬಿಲ್ಡರ್‌ನಿಂದ ಸಾಲ ಪಡೆದಂತೆ ಅಂತ ಫೆಮಾ ಅಡಿಯಲ್ಲಿ ಪ್ರಶ್ನೆ ಏಳಬಹುದು. ಒಪ್ಪಂದದ ಕರಡನ್ನು ಬ್ಯಾಂಕಿನ ಫಾರೆಕ್ಸ್ ವಿಭಾಗಕ್ಕೆ ತೋರಿಸಿ, ಅವರ ಉತ್ತರವನ್ನು ಮೇಲ್‌ನಲ್ಲಿ ಪಡೆದುಕೊಳ್ಳಿ.

ಗೋಲ್ಡನ್ ವೀಸಾ, ಅಂದರೆ ಹಣ ಹೂಡಿದವರಿಗೆ ಕೊಡುವ ದೀರ್ಘಾವಧಿ ವಾಸದ ವೀಸಾ – ಆ ಆಸೆಗೂ ಒಂದು ಲೆಕ್ಕ ಇದೆ. ಅದಕ್ಕೆ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಬೇಕು. ಒಬ್ಬರ ವರ್ಷದ ಮಿತಿ ಅಂದರೆ 9,18,125 ದಿರ್ಹಮ್. ಗಂಡ-ಹೆಂಡತಿ ಇಬ್ಬರದೂ ಸೇರಿದರೆ 18,36,250. ಒಂದೇ ವರ್ಷದಲ್ಲಿ ಮುಟ್ಟುವುದಿಲ್ಲ! ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಕಳಿಸಿದರೆ ಮಿತಿ ದಾಟದೆ ಆಗುತ್ತದೆ. "ಇಬ್ಬರ ಹೆಸರಿಗೆ ಮಾಡಿ, ಗೋಲ್ಡನ್ ವೀಸಾ ಗ್ಯಾರಂಟಿ" ಅನ್ನುವ ಏಜೆಂಟ್ ಈ ಗುಣಾಕಾರ ಮಾಡಿರುವುದಿಲ್ಲ. ವೀಸಾ ಯಾರ ಪಾಲಿನ ಮೇಲೆ, ಯಾರಿಗೆ ಸಿಗುತ್ತದೆ ಅನ್ನುವುದನ್ನೂ ಬರೆಸಿಕೊಳ್ಳಿ.

ಥಾಯ್ಲೆಂಡೋ, ಬಾಲಿಯೋ?

ಹನಿಮೂನಿಗೆ ಹೋಗಿ ಬಂದವರು ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಕಾನೂನಿನಲ್ಲಿ ಇವು ಬೇರೆ ಬೇರೆ.

ಥಾಯ್ಲೆಂಡಿನಲ್ಲಿ ವಿದೇಶಿಗೆ ನೆಲ ಇಲ್ಲ, ಆದರೆ ಕಾಂಡೋ (ಅಪಾರ್ಟ್‌ಮೆಂಟ್ ಫ್ಲ್ಯಾಟ್) ಇದೆ. 1979ರ ಕಾಂಡೋಮಿನಿಯಂ ಕಾಯ್ದೆ ಪ್ರಕಾರ ಒಂದು ಕಟ್ಟಡದ ಫ್ಲ್ಯಾಟ್‌ಗಳ ಒಟ್ಟು ವಿಸ್ತೀರ್ಣದಲ್ಲಿ ಶೇ 49ರವರೆಗೆ ವಿದೇಶಿಯರು ಸ್ವಂತ ಹೆಸರಿಗೆ ಪಡೆಯಬಹುದು. ಆ ಕೋಟಾದಲ್ಲಿ ಜಾಗ ಉಳಿದಿದೆ ಅಂತ ಕಟ್ಟಡದ ಸಂಘ ಪತ್ರ ಕೊಡಬೇಕು. ಕೋಟಾ ತುಂಬಿದ ಮೇಲೆ ಮಾರುವ ಫ್ಲ್ಯಾಟನ್ನು "ಲೀಸ್‌ಹೋಲ್ಡ್" ಅಂತ ಸ್ವಲ್ಪ ಅಗ್ಗಕ್ಕೆ ಕೊಡುತ್ತಾರೆ. ಅಲ್ಲಿಗೆ ಅದು ನಿಮ್ಮ ಆಸ್ತಿ ಅಲ್ಲ, ಬಾಡಿಗೆ ಹಿಡಿದ ಮನೆ.

ಹಣ ವಿದೇಶಿ ಕರೆನ್ಸಿಯಲ್ಲೇ, ಕೊಳ್ಳುವವರ ಹೆಸರಿನಿಂದಲೇ ಥಾಯ್ಲೆಂಡ್ ಮುಟ್ಟಬೇಕು. ಇಲ್ಲೇ ಬಾತ್‌ಗೆ ಬದಲಿಸಿ ಕಳಿಸಿದರೆ ಕೆಲಸ ಕೆಟ್ಟಿತು. ಅಲ್ಲಿಯ ಬ್ಯಾಂಕ್ ವಿದೇಶಿ ವಿನಿಮಯದ ದಾಖಲೆ ಕೊಡುತ್ತದೆ. ಆ ಕಾಗದ ಇಲ್ಲದೆ ಲ್ಯಾಂಡ್ ಆಫೀಸಿನಲ್ಲಿ ನೋಂದಣಿ ಆಗುವುದಿಲ್ಲ. ಮಾರಿದ ಮೇಲೆ ಹಣ ಹೊರಗೆ ಒಯ್ಯಲು ಕೂಡ ಅದೇ ಬೇಕು. ಖರೀದಿ ಪತ್ರದಷ್ಟೇ ಜೋಪಾನವಾಗಿ ಇಡಿ.

ವಿಲ್ಲಾ ಬೇಕು ಅಂದರೆ ಕಥೆ ಬದಲಾಗುತ್ತದೆ. ನೆಲದ ಲೀಸ್ ಹೆಚ್ಚೆಂದರೆ 30 ವರ್ಷ. "30+30+30, ಒಟ್ಟು 90 ವರ್ಷ ಸರ್" ಅನ್ನುತ್ತಾರೆ. ಕಾನೂನು ಕಾಪಾಡುವುದು ಮೊದಲ 30ನ್ನು. ಮುಂದಿನದು ಮಾತು ಅಷ್ಟೇ. ಆಗ ಆ ಮಾಲೀಕ ಇರುತ್ತಾನೋ, ಅವನ ಮಕ್ಕಳು ಒಪ್ಪುತ್ತಾರೋ ಯಾರಿಗೆ ಗೊತ್ತು? ಇನ್ನೊಂದು ದಾರಿ ಥಾಯ್ ಜನರನ್ನು ಹೆಸರಿಗೆ ಷೇರುದಾರರನ್ನಾಗಿಟ್ಟು ಕಂಪನಿ ಮಾಡಿ, ಅದರ ಹೆಸರಿಗೆ ನೆಲ ಕೊಳ್ಳುವುದು. ನಮ್ಮ ಭಾಷೆಯಲ್ಲಿ ಬೇನಾಮಿ. ಅಲ್ಲೂ ಅದು ಅಪರಾಧ.

ಬಾಡಿಗೆ ಆಸೆ ಇದ್ದವರಿಗೆ: ಅಲ್ಲಿಯ 2004ರ ಹೋಟೆಲ್ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ದಿನದ ಲೆಕ್ಕದಲ್ಲಿ ಕಾಂಡೋ ಬಾಡಿಗೆಗೆ ಕೊಡುವ ಹಾಗಿಲ್ಲ. ತಿಂಗಳ ಲೆಕ್ಕದಲ್ಲಾದರೆ ಸರಿ. ಏರ್‌ಬಿಎನ್‌ಬಿ ಹಾಕಿ ಕಂತು ತೀರಿಸುತ್ತೇನೆ ಅನ್ನುವ ಲೆಕ್ಕ ಇಲ್ಲೇ ಮುರಿದು ಬೀಳುತ್ತದೆ.

ಈಗ ಬಾಲಿ. ಇಂಡೋನೇಷ್ಯಾದ 1960ರ ಭೂ ಕಾನೂನು ಪ್ರಕಾರ ಪೂರ್ತಿ ಮಾಲೀಕತ್ವ, ಅಂದರೆ ಹಕ್ ಮಿಲಿಕ್, ಆ ದೇಶದ ಪ್ರಜೆಗೆ ಮಾತ್ರ. ವಿದೇಶಿಗೆ ಸಿಗುವುದು ಹಕ್ ಪಕಾಯ್, ಬಳಸುವ ಹಕ್ಕು. ಅದು ಮೊದಲು 30 ವರ್ಷ, ಆಮೇಲೆ 20 ವಿಸ್ತರಣೆ, ಮತ್ತೆ 30 ನವೀಕರಣ. ಅದಕ್ಕೂ ಅಲ್ಲಿ ವಾಸದ ಪರವಾನಗಿ ಬೇಕು. ವರ್ಷಕ್ಕೆ ಹತ್ತು ದಿನ ಹೋಗುವ ನಮ್ಮಂಥವರಿಗೆ ಅದು ಹೊಂದುವುದಿಲ್ಲ. ಹಾಗಾಗಿ ನಮಗೆ ತೋರಿಸುವುದು 25-30 ವರ್ಷದ ಲೀಸ್. ಲಾವಣಿ (ಗೇಣಿ) ಹಾಕಿಕೊಂಡ ಹೊಲದಲ್ಲಿ ಮನೆ ಕಟ್ಟಿದ ಹಾಗೆ, ಅವಧಿ ಮುಗಿದ ದಿನ ಗೋಡೆಯೂ ಅವರದೇ.

ಅಲ್ಲಿಯ ನಾಮಿನಿ ದಾರಿ ಇನ್ನೂ ಕೆಟ್ಟದ್ದು. ಊರಿನವನೊಬ್ಬನ ಹೆಸರಿಗೆ ನೆಲ, ಜೊತೆಗೆ "ದುಡ್ಡು ಇವರದು" ಅಂತ ಒಂದು ಗುಟ್ಟಿನ ಒಪ್ಪಂದ. ಆ 1960ರ ಕಾನೂನೇ ಇಂಥ ವ್ಯವಹಾರ ಅಸಿಂಧು, ನೆಲ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣ ವಾಪಸ್ ಇಲ್ಲ ಅನ್ನುತ್ತದೆ. ನೀವು ಕೋರ್ಟಿಗೆ ಹೋದರೆ ನಿಮ್ಮ ಕಾಗದವೇ ನಿಮ್ಮ ವಿರುದ್ಧ ಸಾಕ್ಷಿ.

ಮೇಲೆ ವಲಯದ ತಕರಾರು. ಹಸಿರು ವಲಯದ ಗದ್ದೆಯಲ್ಲಿ ವಿಲ್ಲಾ ಕಟ್ಟುವ ಹಾಗಿಲ್ಲ, ಆದರೂ "ಭತ್ತದ ಗದ್ದೆಯ ನೋಟ" ಅಂತ ಮಾರುತ್ತಾರೆ. 2025ರ ಜುಲೈನಲ್ಲಿ ಬಿಂಗಿನ್ ಬೀಚಿನಲ್ಲಿ ಸರ್ಕಾರಿ ಜಾಗದ ಮೇಲೆ ವರ್ಷಗಳಿಂದ ನಡೆಯುತ್ತಿದ್ದ ಹೋಮ್‌ಸ್ಟೇ, ರೆಸ್ಟೋರೆಂಟುಗಳನ್ನು ಕೆಡವಿದರು. ನನ್ನ ಅಭಿಪ್ರಾಯ ಕೇಳಿದರೆ, ಬಾಲಿಗೆ ರಜೆಗೆ ಹೋಗಿ, ಒಳ್ಳೆಯ ವಿಲ್ಲಾದಲ್ಲಿ ಇರಿ, ಬಿಲ್ ಕಟ್ಟಿ ಬನ್ನಿ.

ಶ್ರೀಲಂಕಾ

ಹತ್ತಿರ, ಊಟ ಹೊಂದುತ್ತದೆ, ಬೆಲೆ ಕಡಿಮೆ. ಆದರೆ 2014ರ 38ನೇ ಕಾಯ್ದೆ ವಿದೇಶಿಯರಿಗೆ ನೆಲದ ಮಾಲೀಕತ್ವ ವರ್ಗಾಯಿಸುವುದನ್ನು ನಿಲ್ಲಿಸಿದೆ. ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಷೇರು ವಿದೇಶಿಯರದ್ದಾಗಿರುವ ಕಂಪನಿಗೂ ಇದೇ ನಿಯಮ. ಗಾಲೆ ಕಡಲ ತೀರದ ಜಾಗ ಬೇಕಾದರೆ 99 ವರ್ಷದವರೆಗಿನ ಲೀಸ್ ದಾರಿ. ಕೊಲಂಬೊದ ಅಪಾರ್ಟ್‌ಮೆಂಟಿಗೆ ವಿನಾಯಿತಿ ಇದೆ, ಆದರೆ ಪೂರ್ತಿ ಹಣ ಹೊರಗಿನಿಂದಲೇ ಬಂದಿರಬೇಕು.

ಕಾಗದಕ್ಕಿಂತ ನನಗೆ ಇಲ್ಲಿ ಕಾಡುವುದು ಹಣ ವಾಪಸ್ ತರುವ ಪ್ರಶ್ನೆ. 2022ರಲ್ಲಿ ಆ ದೇಶ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿತು, ಅಲ್ಲಿಯ ರೂಪಾಯಿ ಬೆಲೆ ಕೆಲವೇ ವಾರಗಳಲ್ಲಿ ಕುಸಿಯಿತು. ಅಂಥ ಹೊತ್ತಿನಲ್ಲಿ ಮಾರಿ ಡಾಲರ್ ಮಾಡಿಕೊಂಡು ಬರುತ್ತೇನೆ ಅನ್ನುವುದು ಅಷ್ಟು ಸುಲಭ ಅಲ್ಲ.

ಯುರೋಪ್: ಹೆಸರು ಸಿಗುತ್ತದೆ, ವೀಸಾ ಆಸೆ ಬೇಡ

ಪೋರ್ಚುಗಲ್, ಸ್ಪೇನ್, ಗ್ರೀಸ್‌ಗಳಲ್ಲಿ ಭಾರತೀಯರು ಸ್ವಂತ ಹೆಸರಿಗೆ ಮನೆ ಕೊಳ್ಳಬಹುದು. ಹಳೆಯ ಬ್ರೋಷರ್ ಇಟ್ಟುಕೊಂಡು ಬರುವವರು ಮನೆ ಜೊತೆ ಗೋಲ್ಡನ್ ವೀಸಾ ಅನ್ನುತ್ತಾರೆ. ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ ಆಸ್ತಿ ದಾರಿಯನ್ನು ಮುಚ್ಚಿತು. ಸ್ಪೇನ್ 2025ರ ಏಪ್ರಿಲ್ 3ಕ್ಕೆ ನಿಲ್ಲಿಸಿತು. ಗ್ರೀಸ್ ಇನ್ನೂ ಕೊಡುತ್ತದೆ, ಆದರೆ ಅಥೆನ್ಸ್ ಸುತ್ತಲಿನ ಪ್ರದೇಶ, ಥೆಸಲೋನಿಕಿ, ಮಿಕೊನೊಸ್, ಸಾಂಟೊರಿನಿ ಮತ್ತು 3,100ಕ್ಕಿಂತ ಹೆಚ್ಚು ಜನರಿರುವ ದ್ವೀಪಗಳಲ್ಲಿ 8 ಲಕ್ಷ ಯೂರೊ ಬೇಕು, ಬೇರೆ ಕಡೆ ಸಾಮಾನ್ಯವಾಗಿ 4 ಲಕ್ಷ. ಆ ಮನೆಯನ್ನು ದಿನದ ಬಾಡಿಗೆಗೆ ಬಿಡುವಂತೆಯೂ ಇಲ್ಲ.

ಸ್ಪೇನಿನ ಒಂದು ಪ್ರಕರಣ ನಮ್ಮವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಮೇರಿಯಾ ಪ್ರಾಂತ್ಯದ ವೇರಾ ಊರಿನಲ್ಲಿ ನಿವೃತ್ತ ಬ್ರಿಟಿಷ್ ದಂಪತಿ ಮನೆ ಕಟ್ಟಿಸಿದ್ದರು. ಊರಿನ ಪುರಸಭೆಯ ಪರವಾನಗಿ ಇತ್ತು. ಆಂಡಲೂಸಿಯಾ ಪ್ರಾದೇಶಿಕ ಸರ್ಕಾರ ಆ ಪರವಾನಗಿಯೇ ತಪ್ಪು ಅಂದಿತು. 2008ರ ಜನವರಿಯಲ್ಲಿ ಮನೆ ಕೆಡವಿದರು. ಇಲ್ಲಿ ಗ್ರಾಮ ಪಂಚಾಯ್ತಿ ಉತಾರ ನಂಬಿ ಎನ್‌ಎ ಆಗದ ಹೊಲದಲ್ಲಿ ಗುಂಟೆ ಪ್ಲಾಟ್ ಕೊಂಡವರಿಗೆ ಈ ಕಥೆ ಹೊಸದಲ್ಲ. ಕೆಳಗಿನ ಕಚೇರಿ ಕೊಟ್ಟದ್ದನ್ನು ಮೇಲಿನ ಕಚೇರಿ ಒಪ್ಪಿದೆಯಾ ಅನ್ನುವ ಪ್ರಶ್ನೆ ಅಲ್ಲೂ ಕೇಳಬೇಕು. ಬಿಲ್ಡರ್ ಸೂಚಿಸಿದ ವಕೀಲರನ್ನು ಬಿಟ್ಟು, ನಿಮ್ಮದೇ ದುಡ್ಡಿನಲ್ಲಿ ಬೇರೆ ವಕೀಲರನ್ನು ಇಡಿ.

ಸೈಪ್ರಸ್ ಉತ್ತರ ಭಾಗದ ಅಗ್ಗದ ವಿಲ್ಲಾಗಳ ಜಾಹೀರಾತು ಕಂಡರೆ ಮುಂದಕ್ಕೆ ಸರಿಸಿಬಿಡಿ. 1974ರಲ್ಲಿ ಓಡಿಹೋಗಬೇಕಾಗಿ ಬಂದ ಗ್ರೀಕ್ ಸೈಪ್ರಿಯಟ್ ಜನರ ಜಮೀನಿನ ಮೇಲೆ ಎದ್ದ ಮನೆಗಳು ಅವುಗಳಲ್ಲಿ ಎಷ್ಟೋ. ಅಂಥ ಜಾಗ ಕೊಂಡ ಬ್ರಿಟಿಷ್ ದಂಪತಿಯ ವಿರುದ್ಧ ಸೈಪ್ರಸ್ ಕೋರ್ಟ್ ಕೊಟ್ಟ ತೀರ್ಪು ಬ್ರಿಟನ್ನಿನಲ್ಲೂ ಜಾರಿಯಾಗಬೇಕು ಅಂತ ಯುರೋಪಿಯನ್ ನ್ಯಾಯಾಲಯ 2009ರಲ್ಲಿ ಹೇಳಿತು.

ಮಗ ಇರುವ ಊರಿನಲ್ಲೇ ಕೊಂಡರೆ?

ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಪ್ರೊಫೆಸರ್‌ಗಳ ಮನೆಯಲ್ಲಿ ಈ ಮಾತು ಜಾಸ್ತಿ. ವರ್ಷಕ್ಕೆ ಆರು ತಿಂಗಳು ಅಲ್ಲೇ ಇರುತ್ತೇವೆ, ಒಂದು ಸಣ್ಣ ಮನೆ ಇರಲಿ ಅನ್ನುತ್ತಾರೆ.

ಕೆನಡಾದಲ್ಲಿ 2027ರ ಜನವರಿ 1ರವರೆಗೆ ನಗರ ಪ್ರದೇಶಗಳಲ್ಲಿ ವಿದೇಶಿಯರು ಮನೆ ಕೊಳ್ಳುವಂತಿಲ್ಲ. ಆಸ್ಟ್ರೇಲಿಯಾ 2025ರ ಏಪ್ರಿಲ್ 1ರಿಂದ ಹಳೆಯ ಮನೆಗಳ ಮಟ್ಟಿಗೆ ಬಾಗಿಲು ಹಾಕಿದೆ. ನ್ಯೂಜಿಲೆಂಡ್ 2018ರಲ್ಲೇ ಬಿಗಿ ಮಾಡಿತು. ಸಿಂಗಪುರದಲ್ಲಿ ಕೊಳ್ಳಬಹುದು, ಆದರೆ ವಿದೇಶಿಗೆ ಹೆಚ್ಚುವರಿ ಮುದ್ರಾಂಕ ಶುಲ್ಕವೇ ಶೇ 60. ಇಷ್ಟರಲ್ಲೇ ಅರ್ಧ ಮನೆಗಳ ಚರ್ಚೆ ಮುಗಿಯುತ್ತದೆ.

ಅಮೆರಿಕದಲ್ಲಿ ಕೊಳ್ಳಲು ಅಂಥ ಅಡ್ಡಿ ಇಲ್ಲ. ತೊಂದರೆ ಇರುವುದು ಸತ್ತ ಮೇಲೆ. ಅಲ್ಲಿ ವಾಸವಿಲ್ಲದ ವಿದೇಶಿಗೆ ಎಸ್ಟೇಟ್ ಟ್ಯಾಕ್ಸ್ ವಿನಾಯಿತಿ ಬರೀ 60,000 ಡಾಲರ್. ಅದರ ಮೇಲಿನ ಬೆಲೆಗೆ ದರ ಶೇ 40ರವರೆಗೆ ಏರುತ್ತದೆ. ಬದುಕಿರುವಾಗ ಮಾರಿದರೆ ಸಾಮಾನ್ಯವಾಗಿ ಕೊಳ್ಳುವವನು ಬೆಲೆಯ ಶೇ 15 ಹಿಡಿದು ಸರ್ಕಾರಕ್ಕೆ ಕಟ್ಟುತ್ತಾನೆ. ಬ್ರಿಟನ್ನಿನಲ್ಲೂ 3,25,000 ಪೌಂಡ್ ಮೇಲಿನದಕ್ಕೆ ಶೇ 40 ಇನ್‌ಹೆರಿಟೆನ್ಸ್ ಟ್ಯಾಕ್ಸ್ ಇದೆ.

ಅದಕ್ಕೆ ಅಮೆರಿಕದ ಮಟ್ಟಿಗೆ ನಾನು ಹೇಳುವುದು: ಕೊಡಬೇಕು ಅನಿಸಿದರೆ ಎಲ್‌ಆರ್‌ಎಸ್ ಮಿತಿಯಲ್ಲಿ ಮಗನಿಗೆ ಉಡುಗೊರೆಯಾಗಿ ಕಳಿಸಿ, ಮನೆ ಅವನೇ ಕೊಳ್ಳಲಿ. ಇದಕ್ಕೂ ಟಿಸಿಎಸ್ ಇದೆ. ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿದರೆ ಅವನು ಅಲ್ಲಿ ಈ ಉಡುಗೊರೆಯನ್ನು ತಿಳಿಸುವ 3520 ಫಾರ್ಮ್ ತುಂಬಬೇಕು. ಆ ಮೇಲೆ ಅದು ಅವನ ಮನೆ, ಸೊಸೆಯ ಮನೆ. ಮೇಲಿನ ಕೋಣೆ ನಮ್ಮದು ಅಂತ ಜಗಳ ತೆಗೆಯುವ ಹಾಗಿಲ್ಲ.

ಮಾರುವಾಗ ಮತ್ತು ವಾರಸಾ ಆಗುವಾಗ

ಹೋಲಿಸುವಾಗ ಇದನ್ನು ಕೊನೆಗೆ ಇಡುತ್ತಾರೆ, ನನ್ನ ಪ್ರಕಾರ ಇದೇ ಮೊದಲಿರಬೇಕು. ಥಾಯ್ಲೆಂಡಿನ ಕಾಂಡೋ ವಾರಸುದಾರರಿಗೆ ಬರುತ್ತದೆ, ಆದರೆ ಅವರು ಅಲ್ಲಿಯ ಕಾನೂನಿನ ಅರ್ಹತೆಯೊಳಗೆ ಬರದಿದ್ದರೆ ಒಂದು ವರ್ಷದೊಳಗೆ ಮಾರಬೇಕು. ದುಬೈಯಲ್ಲಿ ಮುಸ್ಲಿಮರಲ್ಲದವರ ವಾರಸಾ ವಿಷಯಕ್ಕೆ 2023ರ ಫೆಬ್ರುವರಿಯಿಂದ ಹೊಸ ಸಿವಿಲ್ ಕಾನೂನು ಇದೆ. ಆದರೂ ಅಲ್ಲೇ ಒಂದು ಉಯಿಲು ನೋಂದಾಯಿಸುವುದು ಒಳ್ಳೆಯದು. ಡಿಐಎಫ್‌ಸಿ ಅನ್ನುವ ಅಲ್ಲಿಯ ಹಣಕಾಸು ಕೇಂದ್ರದಲ್ಲಿ ಅದಕ್ಕೆಂದೇ ಕಚೇರಿ ಇದೆ. ಹುಬ್ಬಳ್ಳಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಉಯಿಲು ಹಿಡಿದು ಅಲ್ಲಿ ಓಡಾಡುವುದು ಹೆಂಡತಿ-ಮಕ್ಕಳಿಗೆ ಸುಮ್ನೆ ತ್ರಾಸು. ಲೀಸ್ ಇದ್ದ ಕಡೆ, ಲೀಸ್ ವಾರಸುದಾರರಿಗೆ ದಾಟುತ್ತದೆ ಅನ್ನುವ ಸಾಲು ಒಪ್ಪಂದದಲ್ಲೇ ಬರೆದಿರಬೇಕು.

ಮಾರಿದ ಹಣವನ್ನು ಅಲ್ಲೇ ಖಾತೆಯಲ್ಲಿ ಬಿಟ್ಟು ಕೂರುವಂತಿಲ್ಲ. ಮತ್ತೆ ಹೂಡಿಕೆ ಮಾಡದಿದ್ದರೆ 180 ದಿನಗಳಲ್ಲಿ ವಾಪಸ್ ತರಬೇಕು. ಬುಕಿಂಗ್ ರದ್ದಾಗಿ ಬಂದ ಹಣಕ್ಕೂ ಇದೇ ಗಡುವು. ಲಾಭಕ್ಕೆ ಇಲ್ಲಿ ಟ್ಯಾಕ್ಸ್ ಇದೆ. 24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಶೇ 12.5. ದುಬೈಯಲ್ಲಿ ಟ್ಯಾಕ್ಸ್ ಇಲ್ಲ ಅನ್ನುವುದು ದುಬೈಗೆ ಸರಿ. ಹುಬ್ಬಳ್ಳಿಯಲ್ಲಿ ಇರುವವರು ಅಲ್ಲಿಯ ಬಾಡಿಗೆಯನ್ನೂ ಇಲ್ಲಿ ತೋರಿಸಬೇಕು.

ಹಾಗಾದರೆ ಯಾರಿಗೆ ಯಾವುದು?

ಒಂದೇ ಗಂಟಿನಲ್ಲಿ ಪೂರ್ತಿ ಹಣ ಇದ್ದವರಿಗೆ, ಕಾಗದ ಗಟ್ಟಿ ಇರಬೇಕು ಅನ್ನುವವರಿಗೆ ದುಬೈಯ ಮುಗಿದ ಫ್ಲ್ಯಾಟ್. ಅಷ್ಟು ಹಣ ಇಲ್ಲ, ಬಾಡಿಗೆಯ ಆಸೆಯೂ ಇಲ್ಲ, ಚಳಿಗಾಲಕ್ಕೆ ಒಂದು ತಿಂಗಳು ಇರಬೇಕು ಅನ್ನುವವರಿಗೆ ಥಾಯ್ಲೆಂಡಿನ ವಿದೇಶಿ ಕೋಟಾ ಕಾಂಡೋ. ಯುರೋಪ್ ಅಲ್ಲಿಯ ವಕೀಲರ ಫೀಸು ಕೊಡಲು ಮನಸ್ಸಿದ್ದವರಿಗೆ ಮಾತ್ರ. ಶ್ರೀಲಂಕಾದ ಲೀಸ್ ಹೋದರೆ ಹೋಗಲಿ ಅನ್ನುವಷ್ಟು ಹಣದಲ್ಲಿ. ದುಬೈಯ ಕಟ್ಟುತ್ತಿರುವ ಫ್ಲ್ಯಾಟನ್ನು, ಮೊದಲ ಸಲ ಕೊಳ್ಳುವ ಯಾರಿಗೂ ನಾನು ಹೇಳುವುದಿಲ್ಲ.

ಇನ್ನೊಂದು ಆಯ್ಕೆಯನ್ನು ಯಾರೂ ಮಾರುವುದಿಲ್ಲ, ಅದರಲ್ಲಿ ಕಮಿಷನ್ ಇಲ್ಲವಲ್ಲ. ಐದು ವರ್ಷ ಮೀರದ ಲೀಸ್. 2022ರ ನಿಯಮಗಳ ಆಸ್ತಿ ನಿರ್ಬಂಧ ಇದಕ್ಕೆ ಹತ್ತುವುದಿಲ್ಲ. ಆ ಊರು ನಿಜವಾಗಿ ಹೊಂದುತ್ತದಾ, ಮೂರನೇ ವರ್ಷವೂ ಹೋಗಬೇಕು ಅನಿಸುತ್ತದಾ ಅಂತ ನೋಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಈಗಾಗಲೇ ಕೊಂಡವರಿಗೆ ಒಂದು ಮಾತು. ಆಸ್ತಿಯನ್ನು ರಿಟರ್ನಿನ ವಿದೇಶಿ ಆಸ್ತಿಗಳ ಪಟ್ಟಿಯಲ್ಲಿ (ಶೆಡ್ಯೂಲ್ ಎಫ್‌ಎ) ಪ್ರತಿ ವರ್ಷ ತೋರಿಸಬೇಕು. ಬಾಡಿಗೆ ಬರದಿದ್ದರೂ, ಬೀಗ ಹಾಕಿಟ್ಟಿದ್ದರೂ. ಐಟಿಆರ್-1ರಲ್ಲಿ ಆ ಪಟ್ಟಿಯೇ ಇಲ್ಲ, ಪಿಂಚಣಿದಾರರು ಎಡವುವುದು ಇಲ್ಲೇ. 2015ರ ಕಪ್ಪುಹಣ ಕಾಯ್ದೆ ಪ್ರಕಾರ ತೋರಿಸದಿದ್ದರೆ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್‌ನಿಂದ 20 ಲಕ್ಷದವರೆಗಿನ ಬ್ಯಾಂಕ್ ಖಾತೆ, ಷೇರುಗಳಿಗೆ ರಿಯಾಯಿತಿ ಸಿಕ್ಕಿತು, ಮನೆ-ಜಾಗಕ್ಕೆ ಸಿಗಲಿಲ್ಲ. ಹಿಂದೆ ಬಿಟ್ಟುಹೋಗಿದ್ದರೆ ನೋಟಿಸ್ ಬರುವ ಮೊದಲೇ, ಗಡುವು ಇರುವ ವರ್ಷಗಳಿಗೆ ತಿದ್ದಿದ ರಿಟರ್ನ್ ಹಾಕಿ. ಹಣ ಕಳಿಸುವಾಗ ಫೆಮಾ ತಪ್ಪಿದ್ದರೆ ಕಾಂಪೌಂಡಿಂಗ್ ಅರ್ಜಿ, ಅಂದರೆ ತಪ್ಪು ಒಪ್ಪಿ ಹಣ ಕಟ್ಟಿ ಮುಗಿಸುವ ದಾರಿ ಇದೆ. ಸಿಎ ಹತ್ತಿರ ಹೋಗುವಾಗ ಖರೀದಿ ಪತ್ರ, ಹಣ ಕಳಿಸಲು ಬ್ಯಾಂಕಿನಲ್ಲಿ ತುಂಬಿದ ಎ2 ಫಾರ್ಮ್, ಹಣ ಹೋದ ದಿನದ ಸ್ವಿಫ್ಟ್ ಪ್ರತಿ – ಮೂರನ್ನೂ ಒಯ್ಯಿರಿ.